ಅಂಟಿನ ಕೊಳವೆಗೂ ಹಗೇವಿನ ನ್ಯಾಯ

ಉತ್ತರಿ ಮಳೆ ಬಂದು ಹೋಗಿ ನಾಲ್ಕನೆಯ ದಿನ. ಎರಿ ಹೊಲದ ಮಣ್ಣು ಕಾಲಿಗೆ ಹತ್ತುತ್ತಿರಲಿಲ್ಲ, ಹಿಡಿಯಲ್ಲಿ ಒತ್ತಿದರೆ ಉಂಡೆಯಾಗುತ್ತಿತ್ತು. ಬಿಳಿಜೋಳ ಬಿತ್ತುವವನಿಗೆ ಇದಕ್ಕಿಂತ ಒಳ್ಳೆಯ ಹದ ಬೇಕಿಲ್ಲ. ಬಾಡಿಗೆ ಎತ್ತು ತಂದು ಕೂರಿಗೆ ಹೂಡಿದೆ. ಎರಡು ಸಾಲು ಹೋಗುವುದರೊಳಗೆ ಕೂರಿಗೆಯ ಬಟ್ಟಲು ಸೀಳಿದ್ದು ಕಂಡಿತು. ಬೀಜ ಸೀಳಿನಲ್ಲಿ ಸೋರುತ್ತಿತ್ತು. ಬಡಿಗೇರ ಊರಲ್ಲಿರಲಿಲ್ಲ. ‘ಮನ್ಯಾಗ ಅಂಟಿನ ಕೊಳವಿ ಅದಾವು, ತಗೊಂಡ ಬಾ, ಇವತ್ತಿನ ಬಿತ್ತಿಗಿ ಮುಗಸೂಣು’ ಅಂತ ಮಗನನ್ನು ಓಡಿಸಿದೆ. ಐದು ಕೊಳವೆ ತಂದ. ಐದೂ ಕಲ್ಲು.

ಮಗ ಬೀಳಗಿಗೆ ಹೋಗಿ ಹೊಸದು ತರುವುದರೊಳಗೆ ಮಧ್ಯಾಹ್ನ ದಾಟಿತ್ತು. ಎತ್ತಿನ ಬಾಡಿಗೆ ಪೂರಾ ದಿನದ್ದು ಕೊಟ್ಟೆ, ಬಿತ್ತಿದ್ದು ಅರ್ಧ ದಿನ. ಐದು ರೂಪಾಯಿಯ ಸಾಮಾನಿನ ಮೇಲೆ ಇವನೇನು ಲೇಖನ ಬರೀತಾನ ಅಂತ ನಗುವವರು ನಗಲಿ. ಕೊಳವೆಗೆ ಐದು ರೂಪಾಯಿ ಇರಬಹುದು, ಅದು ಕೈಕೊಟ್ಟ ದಿನದ ಬೆಲೆ ಬೇರೆ.

ನಾನು ಹೇಳುತ್ತಿರುವುದು ಒಂದು ಹನಿ ಹಾಕಿ ಒತ್ತಿ ಹಿಡಿದರೆ ಚಿಟಿಕೆಯಲ್ಲಿ ಹಿಡಿದುಕೊಳ್ಳುವ ಅಂಟಿನ ಬಗ್ಗೆ. ನಮ್ಮ ಕಡೆ ಎಲ್ಲರೂ ಕಂಪನಿಯ ಹೆಸರಿನಿಂದಲೇ ಇದನ್ನು ಕರೆಯುತ್ತಾರೆ. ನಾನು ಯಾವ ಕಂಪನಿಯ ಹೆಸರನ್ನೂ ಬರೆಯುವುದಿಲ್ಲ, ಹನಿ ಅಂಟು ಅಂತೀನಿ. ಚಪ್ಪಲಿ, ಚಾಳೀಸಿನ ಕಡ್ಡಿ, ಬ್ಯಾಟರಿಯ ಮುಚ್ಚಳ, ಮಕ್ಕಳ ಆಟಿಗೆ, ಇದಿಲ್ಲದ ಮನೆ ಈಗ ಇಲ್ಲ. ಆದರೆ ಇದನ್ನು ಇಡುವುದು ಗೊತ್ತಿರುವ ಮನೆ ಮಾತ್ರ ಅಪರೂಪ.

ಇದು ಹಳೆಯ ಅಂಟಿನಂಥದಲ್ಲ

ಆ ದಿನ ಸಂಜೆ ನನ್ನ ಸೋದರಳಿಯ ಮನೆಗೆ ಬಂದಿದ್ದ. ಜಮಖಂಡಿಯಲ್ಲಿ ಕಾಲೇಜು ಹುಡುಗರಿಗೆ ರಸಾಯನಶಾಸ್ತ್ರ ಕಲಿಸುತ್ತಾನೆ. ಕಲ್ಲಾದ ಕೊಳವೆಗಳನ್ನು ಅವನ ಮುಂದೆ ಇಟ್ಟು, ‘ಇವು ಒಣಗ್ಯಾವ, ಏನರ ಹಾಕಿ ನೆನಸಾಕ ಬರ್ತದೇನು?’ ಅಂತ ಕೇಳಿದೆ.

‘ಮಾಮಾ, ಅವು ಒಣಗಿಲ್ಲ. ನೀರು ಕುಡದಾವ’ ಅಂದ.

ನನಗೆ ಇದು ತಲೆಕೆಳಗಾದ ಮಾತು ಅನಿಸಿತು. ನಾವು ಕಂಡ ಅಂಟುಗಳೆಲ್ಲ ನೀರು ಹೋದರೆ ಗಟ್ಟಿಯಾಗುವಂಥವು. ಜಾಲಿ ಗಿಡದ ಅಂಟು ತಂದು ಒಣಗಿಸಿ ಡಬ್ಬಿಯಲ್ಲಿ ಇಟ್ಟರೆ ವರ್ಷಗಟ್ಟಲೆ ಇರುತ್ತಿತ್ತು, ಬೇಕಾದಾಗ ನೀರಿನಲ್ಲಿ ನೆನೆಸಿದರೆ ಆಯಿತು. ಬಡಿಗೇರರು ಚರ್ಮದ ಅಂಟಿನ ತುಂಡು ಇಟ್ಟುಕೊಂಡಿದ್ದು, ಬೇಕಾದಷ್ಟೇ ನೆನೆಸಿ ಕಾಯಿಸಿ ಬಳಸುತ್ತಿದ್ದರು. ರಬಕವಿ-ಬನಹಟ್ಟಿಯ ನೇಕಾರರು ನೂಲಿಗೆ ಹಚ್ಚುವ ಗಂಜಿಯೂ ನೀರಿನದೇ. ಗಟ್ಟಿಯಾದರೆ ನೀರು ಹಾಕು ಎನ್ನುವ ಬುದ್ಧಿ ನಮಗೆ ಹಿರಿಯರಿಂದ ಬಂದದ್ದು. ಹನಿ ಅಂಟಿಗೆ ಆ ಬುದ್ಧಿ ನಡೆಯುವುದಿಲ್ಲ.

ಅಳಿಯ ತಿಳಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಈ ಅಂಟಿನ ಮೂಲವಸ್ತುವಿಗೆ ಸಯನೋಆಕ್ರಿಲೇಟ್ ಅಂತ ಹೆಸರು. 1942ರಲ್ಲಿ ಅಮೆರಿಕದ ಕೊಡಕ್ ಕಂಪನಿಯಲ್ಲಿ ಹ್ಯಾರಿ ಕೂವರ್ ಎಂಬ ವಿಜ್ಞಾನಿ ಯುದ್ಧದ ಬಂದೂಕಿಗೆ ಗುರಿ ನೋಡುವ ಪಾರದರ್ಶಕ ಪ್ಲಾಸ್ಟಿಕ್ ಹುಡುಕುತ್ತಿದ್ದಾಗ ಇದು ಸಿಕ್ಕಿತು. ಮುಟ್ಟಿದ್ದಕ್ಕೆಲ್ಲ ಹತ್ತಿಕೊಂಡು ಕಾಡಿತು, ಕೆಲಸಕ್ಕೆ ಬಾರದ್ದು ಅಂತ ಬದಿಗಿಟ್ಟರು. 1951ರಲ್ಲಿ ಮತ್ತೆ ಕೈಗೆ ಬಂದಾಗ ಕಾಡುವ ಗುಣವೇ ಇದರ ಗುಣ ಅಂತ ತಿಳಿಯಿತು. 1958ರಲ್ಲಿ ಅಂಗಡಿಗೆ ಬಂತು.

ಬಾಟಲಿಯೊಳಗೆ ಇದರ ಕಣಗಳು ಬಿಡಿಬಿಡಿಯಾಗಿ ಇರುತ್ತವೆ. ಅವು ಒಂದಕ್ಕೊಂದು ಕೈ ಹಿಡಿಯದಂತೆ ಕಂಪನಿಯವರು ಚೂರು ಆಮ್ಲ ಸೇರಿಸಿರುತ್ತಾರೆ. ಯಾವ ವಸ್ತುವಿನ ಮೈಮೇಲಾದರೂ ಕಣ್ಣಿಗೆ ಕಾಣದಷ್ಟು ತೇವ ಇದ್ದೇ ಇರುತ್ತದೆ. ಆ ತೇವ ಸೋಕಿದ ಕೂಡಲೇ ಕಣಗಳು ಸರಪಳಿಯಾಗಿ ಹೆಣೆದುಕೊಳ್ಳುತ್ತವೆ. ಅದಕ್ಕೇ ತೆಳುವಾಗಿ ಹಚ್ಚಿದರೆ ಬೇಗ ಹಿಡಿಯುತ್ತದೆ, ದಪ್ಪಗೆ ಸುರಿದರೆ ತಡವಾಗಿ ಹಿಡಿದು ಬೇಗ ಬಿಡುತ್ತದೆ. ಹೆಣೆದದ್ದು ಮತ್ತೆ ಬಿಡಿಯಾಗಿ ಅಂಟಾಗುವುದಿಲ್ಲ. ಕಲ್ಲಾದ ಕೊಳವೆಗೆ ಮದ್ದಿಲ್ಲ.

ನಾವು ಇಡುವ ಜಾಗಗಳು

ಇಷ್ಟು ತಿಳಿದ ಮೇಲೆ ನಾನು ಕೊಳವೆ ಇಡುತ್ತಿದ್ದ ಜಾಗಗಳನ್ನು ನೆನೆಸಿಕೊಂಡು ನಾಚಿಕೆಯಾಯಿತು.

ಮೊದಲನೆಯದು ದನದ ಕೊಟ್ಟಿಗೆಯ ಜಂತಿ. ಅಲ್ಲಿ ಸದಾ ತೇವ. ಅದರ ಮೇಲೆ ಗಂಜಳದ ಘಾಟು. ಆ ಘಾಟಿನಲ್ಲಿ ಅಮೋನಿಯಾ ಎಂಬ ಕ್ಷಾರ ಇರುತ್ತದೆ. ಒಳಗಿನ ಆಮ್ಲ ತಡೆದು ಹಿಡಿದಿದ್ದನ್ನು ಕ್ಷಾರ ಬಿಡಿಸುತ್ತದೆ.

ಎರಡನೆಯದು ನೀರಿನ ಗಡಿಗೆಯ ಮಗ್ಗಲು. ಬ್ಯಾಸಿಗೆಯಲ್ಲಿ ಮನೆಯೊಳಗೆ ತಂಪಾದ ಜಾಗ ಅದೇ ಅಂತ ಅಲ್ಲಿಟ್ಟಿದ್ದೆ. ತಂಪು ಸರಿ, ಆದರೆ ಗಡಿಗೆ ತಂಪಾಗುವುದೇ ನೀರು ಜಿನುಗಿ ಆವಿಯಾಗುವುದರಿಂದ. ಅಂಟಿಗೆ ತಂಪು ಬೇಕು, ತೇವ ಬೇಡ. ಎರಡೂ ಒಂದೇ ಅಂತ ತಿಳಿದದ್ದು ನನ್ನ ತಪ್ಪು.

ಮೂರನೆಯದು ಪತ್ರಾಸಿನ ಶೆಡ್ಡು. ನಮ್ಮ ನಾಲ್ಕೂ ತಾಲೂಕುಗಳಲ್ಲಿ, ಜಮಖಂಡಿ ಇರಲಿ ಮುಧೋಳ ಇರಲಿ, ಬ್ಯಾಸಿಗೆಯ ಗಾಳಿ ಒಣ ಗಾಳಿ. ಅದು ಅಂಟಿಗೆ ಒಳ್ಳೆಯದು. ಆದರೆ ಏಪ್ರಿಲ್-ಮೇ ತಿಂಗಳಲ್ಲಿ ಪತ್ರಾಸಿನ ಕೆಳಗೆ ಕೈಯಿಟ್ಟರೆ ಸುಡುತ್ತದೆ. ಬಿಸಿಯಲ್ಲಿ ಬಿಚ್ಚದ ಕೊಳವೆಯೂ ಒಳಗೊಳಗೇ ಮಂದವಾಗುತ್ತ ಹೋಗುತ್ತದೆ.

ಇನ್ನೊಂದು ಮಾತು. ಬೀಜಕ್ಕೆ ಬೂದಿ ಬೆರೆಸಿ ಇಡುವುದು ನಮ್ಮ ರೂಢಿ. ಒಮ್ಮೆ ಅದೇ ಬೂದಿ ಗಡಿಗೆಯಲ್ಲಿ ಕೊಳವೆಯನ್ನೂ ಹುಗಿದಿಟ್ಟಿದ್ದೆ. ಬೂದಿಯೂ ಕ್ಷಾರವೇ, ಸುಣ್ಣವೂ ಕ್ಷಾರವೇ. ಬಾಯಿಗೆ ಚೂರು ಬೂದಿ ಹತ್ತಿದರೂ ಅಲ್ಲಿಯೇ ಬಿರಡೆ ಹಾಕಿದಂತೆ ಗಟ್ಟಿಯಾಗುತ್ತದೆ. ಬೀಜದ ಪಾಠವನ್ನು ಅರ್ಧ ಮಾತ್ರ ತೆಗೆದುಕೊಳ್ಳಬೇಕು: ಒಣಗಿಸಿಡು ಎನ್ನುವುದು ಸರಿ, ಬೂದಿ ಹಾಕು ಎನ್ನುವುದು ಇಲ್ಲಿ ಬೇಡ.

ಹಗೇವಿನ ನ್ಯಾಯ

ನನ್ನ ಮುಖ್ಯ ಮಾತು ಈಗ ಬರುತ್ತದೆ. ನಾನು ಸಣ್ಣವನಿದ್ದಾಗ ನಮ್ಮ ಊರಲ್ಲಿ ಜೋಳವನ್ನು ಹಗೇವಿನಲ್ಲಿ ಹಾಕುತ್ತಿದ್ದರು. ಹೊಸ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ, ಹಗೇವು ಅಂದರೆ ನೆಲದಲ್ಲಿ ತೋಡಿದ ಕಾಳಿನ ಕುಣಿ. ಒಳಗೆ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಹಾಸುಗಲ್ಲು ಇಟ್ಟು ಮಣ್ಣು ಮೆತ್ತಿದರೆ ವರ್ಷಾನುಗಟ್ಟಲೆ ಕಾಳು ಕೆಡುತ್ತಿರಲಿಲ್ಲ. ಆದರೆ ಒಮ್ಮೆ ತೆರೆದರೆ ಅರ್ಧ ತೆಗೆದು ಅರ್ಧ ಬಿಡುತ್ತಿರಲಿಲ್ಲ. ಗಾಳಿ, ತೇವ ಒಳಹೊಕ್ಕ ಮೇಲೆ ಉಳಿದ ಕಾಳು ನಮ್ಮದಲ್ಲ ಅಂತ ಅಪ್ಪ ಹೇಳುತ್ತಿದ್ದ. ತೆರೆಯುವ ದಿನ ಮೊದಲೇ ಗೊತ್ತುಮಾಡಿ, ಚೀಲ ಸಜ್ಜು ಮಾಡಿಕೊಂಡು, ಆಮೇಲೆ ಕಲ್ಲು ಸರಿಸುತ್ತಿದ್ದರು.

ಹನಿ ಅಂಟಿನ ಕೊಳವೆಗೂ ಇದೇ ನ್ಯಾಯ. ಬಿಚ್ಚದ ಕೊಳವೆ ತಂಪಾದ ಒಣ ಜಾಗದಲ್ಲಿ ಸುಮಾರು ಒಂದು ವರ್ಷ ಇರುತ್ತದೆ. ಬಿಚ್ಚಿದ ಕೊಳವೆ ಎಷ್ಟು ಜೋಪಾನ ಮಾಡಿದರೂ ವಾರಗಳ ಮಾತು, ಬಹಳಾದರೆ ಒಂದೆರಡು ತಿಂಗಳು. ಹೀಗಿದ್ದ ಮೇಲೆ ಬಿಚ್ಚಿದ್ದನ್ನು ಉಳಿಸುವ ಉಪಾಯಕ್ಕಿಂತ ಬಿಚ್ಚುವ ದಿನವನ್ನು ಗೊತ್ತುಮಾಡುವ ಉಪಾಯ ದೊಡ್ಡದು.

ಅಮಾವಾಸ್ಯೆ ದಿನ ನಾವು ಎತ್ತು ಹೂಡುವುದಿಲ್ಲ. ಈಗ ಎರಡು ವರ್ಷದಿಂದ ನಮ್ಮ ಮನೆಯಲ್ಲಿ ಅದೇ ಅಂಟಿಸುವ ದಿನ. ಪಡಸಾಲೆಯಲ್ಲಿ ಒಂದು ಬುಟ್ಟಿ ಇಟ್ಟಿದ್ದೇನೆ. ತಿಂಗಳಲ್ಲಿ ಒಡೆದದ್ದು, ಸೀಳಿದ್ದು, ಕಿತ್ತದ್ದು ಎಲ್ಲ ಆ ಬುಟ್ಟಿಗೆ. ಅಮಾವಾಸ್ಯೆ ದಿನ ಒಂದೇ ಕೊಳವೆ ಬಿಚ್ಚಿ ಎಲ್ಲ ಮುಗಿಸುವುದು. ಉಳಿಯುತ್ತದೆ ಅನಿಸಿದರೆ ಮಗ್ಗಲ ಮನೆಯವರನ್ನು ಕರೆಯುತ್ತೇವೆ. ಮೊದಲು ತಿಂಗಳಿಗೆ ಮೂರು ನಾಲ್ಕು ಕೊಳವೆ ತರುತ್ತಿದ್ದ ಮನೆಗೆ ಈಗ ಒಂದು ಸಾಕಾಗುತ್ತದೆ. ಬಿಚ್ಚದ ಎರಡು ಕೊಳವೆ ಮಾತ್ರ ಹೊಲದ ಆಪತ್ತಿಗೆ ಅಂತ ಸದಾ ಇರುತ್ತವೆ. ಈ ಸಲದ ಬಿತ್ತಿಗೆಯಲ್ಲಿ ಅವೇ ಕೈಹಿಡಿದವು.

ನಾನು ಇಡುವ ರೀತಿ

ತರುವಾಗಲೇ ನೋಡಿ ತರಬೇಕು. ಅಂಗಡಿಯ ಬಾಗಿಲಿಗೆ ಬಿಸಿಲಿನಲ್ಲಿ ಜೋತುಬಿದ್ದ ಕೊಳವೆ ಬೇಡ, ಒಳಗಿನದು ಕೇಳಿ. ಮೆಲ್ಲಗೆ ಅದುಮಿ ನೋಡಿ, ಒಳಗೆ ನೀರಿನಂತೆ ಸರಿದಾಡಬೇಕು.

ಮನೆಗೆ ತಂದ ಮೇಲೆ ಅದರ ಪೊಟ್ಟಣ ಬಿಚ್ಚದೆ ಗಟ್ಟಿ ತಿರುಪಿನ ಮುಚ್ಚಳದ ಗಾಜಿನ ಬಾಟಲಿಯಲ್ಲಿ ಹಾಕಿ. ಹೊಸ ಚಪ್ಪಲಿಯ ಡಬ್ಬಿಯಲ್ಲಿ, ಗುಳಿಗೆಯ ಡಬ್ಬಿಯಲ್ಲಿ ತೇವ ಹೀರುವ ಸಣ್ಣ ಪೊಟ್ಟಣ ಬರುತ್ತದಲ್ಲ, ಸಿಲಿಕಾ ಜೆಲ್ ಅಂತಾರೆ, ಅದನ್ನು ಎಸೆಯದೆ ಆ ಬಾಟಲಿಯಲ್ಲಿ ಹಾಕಿ. ಅದಿಲ್ಲದಿದ್ದರೆ ಒಂದು ಹಿಡಿ ಅಕ್ಕಿಯನ್ನು ಚೆನ್ನಾಗಿ ಹುರಿದು, ಮುಚ್ಚಿದ ಡಬ್ಬಿಯಲ್ಲಿ ಆರಿಸಿ, ಬಟ್ಟೆಯಲ್ಲಿ ಗಂಟು ಕಟ್ಟಿ ಇಡಿ. ಆ ಅಕ್ಕಿ ಮತ್ತೆ ಅಡಿಗೆಗೆ ಬೇಡ. ಬಾಟಲಿಯನ್ನು ಮನೆಯ ನಡುವಿನ ಕೋಣೆಯಲ್ಲಿ, ಒಲೆ ಮತ್ತು ನೀರಿನ ಗಡಿಗೆ ಎರಡರಿಂದಲೂ ದೂರ ಇಡಿ. ಮಾಳಿಗೆ ಮನೆಯ ಮಣ್ಣಿನ ಗೋಡೆ ಇದ್ದವರು ಪುಣ್ಯವಂತರು.

ಈಗ ಬಹಳ ಮನೆಗಳಲ್ಲಿ ಫ್ರಿಜ್ ಬಂದಿದೆ. ಬಿಚ್ಚದ ಕೊಳವೆಯನ್ನು ಬಾಟಲಿ ಸಮೇತ ಅದರಲ್ಲಿ ಇಡಬಹುದು, ಇನ್ನೂ ಹೆಚ್ಚು ಬಾಳುತ್ತದೆ. ಆದರೆ ತೆಗೆದ ಕೂಡಲೇ ಬಿಚ್ಚಬಾರದು. ತಣ್ಣಗಿನ ಚರಿಗೆಯ ಹೊರಮೈಗೆ ನೀರು ಬೆವರುತ್ತದಲ್ಲ, ಹಾಗೆ ಕೊಳವೆಯ ಬಾಯಿಗೂ ಬೆವರು ಬಂದು ಕೆಡುತ್ತದೆ. ಬಾಟಲಿಯ ಮುಚ್ಚಳ ತೆಗೆಯದೆ ಒಂದು ತಾಸು ಹೊರಗಿಟ್ಟು ಆಮೇಲೆ ಬಿಚ್ಚಿ. ಒಮ್ಮೆ ಬಿಚ್ಚಿದ್ದನ್ನು ಫ್ರಿಜ್ಜಿನಲ್ಲಿಟ್ಟು ದಿನಾ ಹೊರಗೆ-ಒಳಗೆ ಮಾಡುವುದಕ್ಕಿಂತ ಒಣ ಬಾಟಲಿಯಲ್ಲಿ ಹೊರಗೇ ಇಡುವುದು ವಾಸಿ.

ಬಿಚ್ಚಿದ್ದು ಉಳಿದರೆ ಹೀಗೆ ಮಾಡಿ. ಕೊಳವೆಯನ್ನು ನೆಟ್ಟಗೆ ಹಿಡಿದು ತಳವನ್ನು ಮೆಲ್ಲಗೆ ಕುಟ್ಟಿ, ಮೂತಿಯಲ್ಲಿ ನಿಂತ ಅಂಟು ಕೆಳಗಿಳಿಯುತ್ತದೆ. ಮೂತಿಯ ಮೇಲಿನ ಹನಿಯನ್ನು ಒಣ ಪ್ಲಾಸ್ಟಿಕ್ ಹಾಳೆಯ ತುಂಡಿನಿಂದ ಒರೆಸಿ ಮುಚ್ಚಳ ಗಟ್ಟಿ ಮಾಡಿ. ನೆಟ್ಟಗೇ ನಿಲ್ಲಿಸಿ ಇಡಿ, ಮಲಗಿಸಿದರೆ ಮೂತಿಯಲ್ಲೇ ಅಂಟು ನಿಂತು ಕಟ್ಟಿಕೊಳ್ಳುತ್ತದೆ. ಅಂಟಿಸುವಾಗ ಮೂತಿಯನ್ನು ಒದ್ದೆ ವಸ್ತುವಿಗೆ ತಾಗಿಸಬೇಡಿ. ಮೂತಿಯಲ್ಲಿ ಮಾತ್ರ ಕಟ್ಟಿಕೊಂಡಿದ್ದರೆ ಒಣ ಸೂಜಿಯಿಂದ ಬಿಡಿಸಬಹುದು. ಒಳಗಿನದು ಜೇನಿನಂತೆ ಮಂದವಾಗಿದ್ದರೆ ಅದರ ಆಸೆ ಬಿಡಿ.

ಒರೆಸಲು ಹತ್ತಿಯ ಬಟ್ಟೆ, ಅರಳೆ ಬೇಡ ಅಂತ ಒತ್ತಿ ಹೇಳುತ್ತೇನೆ. ಹತ್ತಿಗೆ ಈ ಅಂಟು ಹೆಚ್ಚಾಗಿ ಬಿದ್ದರೆ ಅಲ್ಲಿಯೇ ಕಾದು ಹೊಗೆ ಬರುತ್ತದೆ, ಬೆರಳು ಸುಡುತ್ತದೆ. ರಬಕವಿ-ಬನಹಟ್ಟಿ ಕಡೆಯ ಮಗ್ಗದ ಮನೆಗಳಲ್ಲಿ ಕೈ ಚಾಚಿದರೆ ನೂಲಿನ ತುಣುಕು ಸಿಗುತ್ತದೆ. ಅಲ್ಲಿಯವರು ಇದನ್ನು ಚೆನ್ನಾಗಿ ನೆನಪಿಡಬೇಕು.

ಎಲ್ಲಕ್ಕೂ ಇದೇ ಅಂಟಲ್ಲ

ಹಾಳಾಗುವ ಅಂಟಿನಲ್ಲಿ ಅರ್ಧ ಪಾಲು ಹತ್ತದ ಜಾಗಕ್ಕೆ ಹಚ್ಚಿ ಹಾಳಾಗುವುದು. ಜಮಖಂಡಿ, ಮುಧೋಳದ ಕಬ್ಬಿನ ತೋಟದ ಗೆಳೆಯರು ಹನಿ ನೀರಾವರಿಯ ಕರಿ ಪೈಪಿಗೆ ಇದನ್ನು ಸುರಿಯುವುದನ್ನು ನೋಡಿದ್ದೇನೆ. ಆ ಪೈಪು ಪಾಲಿಥೀನ್ ಜಾತಿಯದು. ಈ ಅಂಟಿನ ಬಾಟಲಿಯನ್ನು ಆ ಜಾತಿಯ ಪ್ಲಾಸ್ಟಿಕ್ಕಿನಿಂದಲೇ ಮಾಡುತ್ತಾರೆ, ಏಕೆಂದರೆ ಅಂಟು ಅದಕ್ಕೆ ಹತ್ತುವುದಿಲ್ಲ. ಪೈಪು ತೂತಾದರೆ ಅಷ್ಟು ಕತ್ತರಿಸಿ ಜಾಯಿಂಟ್ ಹಾಕುವುದೇ ದಾರಿ. ಪ್ಲಾಸ್ಟಿಕ್ ಬಕೀಟು, ಕೊಡ ಇವುಗಳಲ್ಲೂ ಹೆಚ್ಚಿನವಕ್ಕೆ ಹಿಡಿಯುವುದಿಲ್ಲ.

ಪಿವಿಸಿ ಪೈಪಿಗೆ ಹಚ್ಚುವ ಸಲ್ಯೂಷನ್ ಬೇರೆಯೇ. ಹನಿ ಅಂಟಿಗೆ ಹೊರಗಿನ ತೇವ ಒಳಗೆ ಬಂದರೆ ಕೇಡು, ಸಲ್ಯೂಷನ್ನಿಗೆ ಒಳಗಿನ ದ್ರಾವಕ ಹೊರಗೆ ಹಾರಿಹೋದರೆ ಕೇಡು. ಅದರ ಡಬ್ಬಿ ತೆರೆದಿಟ್ಟು ಪೈಪು ಜೋಡಿಸುತ್ತ ಕೂಡಬೇಡಿ, ಹಚ್ಚಿದ ಕೂಡಲೇ ಮುಚ್ಚಿ. ಅದಕ್ಕೆ ಬೆಂಕಿ ಬೇಗ ಹತ್ತುತ್ತದೆ, ಬೀಡಿ ದೂರ ಇರಲಿ.

ಔಷಧ ಹೊಡೆಯುವ ಪಂಪು ಸೀಳಿದರೆ ಯಾವ ಅಂಟೂ ಬೇಡ. ಒತ್ತಡಕ್ಕೆ ಅಂಟು ಬಿಟ್ಟರೆ ವಿಷ ನಮ್ಮ ಬೆನ್ನಿಗೇ ಇಳಿಯುತ್ತದೆ. ಅಲ್ಲಿ ಹೊಸ ಭಾಗ ಹಾಕಿಸಬೇಕು. ಉಳಿತಾಯಕ್ಕೂ ಒಂದು ಎಲ್ಲೆ ಇರಬೇಕು.

ಕಣ್ಣಿನ ಮಾತು

ಇದನ್ನು ಬರೆಯಲು ನನ್ನನ್ನು ಕೂಡಿಸಿದ್ದು ಕೂರಿಗೆ ಮಾತ್ರ ಅಲ್ಲ. ಅವ್ವನಿಗೆ ಕಣ್ಣಿನ ಪೊರೆ ತೆಗೆಸಿ ಹದಿನೈದು ದಿನವಾಗಿತ್ತು. ಕಣ್ಣಿಗೆ ಬಿಡುವ ಔಷಧದ ಸಣ್ಣ ಬಾಟಲಿ ಗೋಡೆಯ ಮಾಡದಲ್ಲಿ ಇರುತ್ತಿತ್ತು. ಅದೇ ಮಾಡದಲ್ಲಿ ನಾನು ಹಿಂದಿನ ದಿನ ಚಪ್ಪಲಿ ಅಂಟಿಸಿ ಕೊಳವೆ ಇಟ್ಟಿದ್ದೆ. ಸಂಜೆ ಮಬ್ಬುಗತ್ತಲು. ಅವ್ವ ಕೊಳವೆ ತೆಗೆದುಕೊಂಡು, ಮುಖ ಮೇಲೆತ್ತಿ, ಮುಚ್ಚಳ ತಿರುವುತ್ತಿದ್ದಳು. ಸೊಸೆ ನೋಡಿ ಕೂಗಿಕೊಂಡು ಕೈ ಹಿಡಿದಳು: ‘ಆಯೀ, ತಡೀರಿ! ಅದು ಔಷಧ ಅಲ್ಲ, ಅಂಟು!’

ಆ ರಾತ್ರಿ ನನಗೆ ಊಟ ಸೇರಲಿಲ್ಲ. ಎಪ್ಪತ್ತೆಂಟು ವರ್ಷದ ಜೀವ, ಬೆಳಕು ಬಂತು ಅಂತ ಮಗುವಿನಂತೆ ಸಂತೋಷಪಟ್ಟಿತ್ತು. ನನ್ನ ಅಜಾಗ್ರತೆಯಿಂದ ಆ ಬೆಳಕು ಹೋಗುತ್ತಿತ್ತು. ಕಣ್ಣಿನ ಔಷಧ ಅಂತ ತಿಳಿದು ಈ ಅಂಟು ಬಿಟ್ಟುಕೊಂಡ ಪ್ರಕರಣ ಹಲವು ದೇಶಗಳಲ್ಲಿ ಆಗಿವೆ ಅಂತ ಅಳಿಯ ಆಮೇಲೆ ಹೇಳಿದ.

ಆದ್ದರಿಂದ ಇಡುವ ರೀತಿ ಅಂದರೆ ಅಂಟು ಉಳಿಸುವ ರೀತಿಯಷ್ಟೇ ಅಲ್ಲ, ಮನೆಯವರನ್ನು ಉಳಿಸುವ ರೀತಿಯೂ ಹೌದು. ಅಂಟಿನ ಬಾಟಲಿಯ ಹತ್ತಿರ ಔಷಧ ಇರಬಾರದು, ಮಕ್ಕಳ ಕೈಗೆ ನಿಲುಕಬಾರದು. ಅಕಸ್ಮಾತ್ ಕಣ್ಣಿಗೆ ಬಿದ್ದರೆ ರೆಪ್ಪೆ ಎಳೆಯಬೇಡಿ. ಎಣ್ಣೆ, ಸೀಮೆಎಣ್ಣೆ, ಉಗುರುಬಣ್ಣ ತೆಗೆಯುವ ದ್ರವ ಯಾವುದನ್ನೂ ಕಣ್ಣಿಗೆ ಹಾಕಬೇಡಿ. ಉಗುರುಬೆಚ್ಚಗಿನ ಚೊಕ್ಕ ನೀರಿನಿಂದ ಬಹಳ ಹೊತ್ತು ತೊಳೆದು, ಒದ್ದೆ ಮಾಡಿದ ಚೊಕ್ಕ ಬಟ್ಟೆ ಮುಚ್ಚಿ, ತಡಮಾಡದೆ ಕಣ್ಣಿನ ಡಾಕ್ಟರ ಕಡೆ ಹೋಗಿ. ಬೆರಳಿಗೆ ಬೆರಳು ಹತ್ತಿದರೆ ಕಿತ್ತು ಎಳೆಯಬೇಡಿ. ಬಿಸಿನೀರು ಸಾಬೂನಿನಲ್ಲಿ ನೆನೆಸಿ ಹೊರಳಿಸುತ್ತ ಬಿಡಿಸಿ.

ತಾರೀಖು ಕೇಳೋಣ

ತಪ್ಪೆಲ್ಲ ನಮ್ಮದೇ ಅಂತ ನಾನು ಒಪ್ಪುವುದಿಲ್ಲ. ಕೊಳವೆ ಯಾವ ತಿಂಗಳು ತಯಾರಾಯಿತು ಅಂತ ಗೊತ್ತಿಲ್ಲದೆ ಒಂದು ವರ್ಷದ ಲೆಕ್ಕ ಹಾಕುವುದು ಹೇಗೆ? ಪ್ಯಾಕೆಟ್ ಸಾಮಾನಿನ ಮೇಲೆ ತಯಾರಿಯ ತಿಂಗಳು, ವರ್ಷ ಹಾಕಬೇಕು ಅಂತ 2011ರ ಲೀಗಲ್ ಮೆಟ್ರಾಲಜಿ ನಿಯಮ ಇದೆ. ಆದರೆ 10 ಗ್ರಾಮ್ ಮತ್ತು ಅದಕ್ಕಿಂತ ಕಡಿಮೆ ತೂಕದ ಪ್ಯಾಕೆಟ್ಟಿಗೆ ಅದರಲ್ಲಿ ವಿನಾಯಿತಿ ಕೊಟ್ಟಿದ್ದಾರೆ. ನಾವು ಕೊಳ್ಳುವುದು ಅರ್ಧ ಗ್ರಾಮ್, ಒಂದು ಗ್ರಾಮಿನ ಕೊಳವೆ. ಅಂಗಡಿಯಲ್ಲಿ ದೊಡ್ಡ ಬಾಟಲಿ ಕೊಳ್ಳುವವನಿಗೆ ತಾರೀಖಿನ ಹಕ್ಕು ಇದೆ, ಐದು ರೂಪಾಯಿಯದು ಕೊಳ್ಳುವ ನಮಗಿಲ್ಲ. ತಾನಾಗಿ ತಾರೀಖು ಹಾಕುವವರೂ ಇದ್ದಾರೆ, ಅವರದನ್ನೇ ಕೇಳಿ ಕೊಳ್ಳಿ. ಭಾಷೆಯ ವಿಷಯದಲ್ಲೂ ಹಿಂದಿ ಇಲ್ಲವೇ ಇಂಗ್ಲಿಷ್ ಇದ್ದರೆ ನಿಯಮಕ್ಕೆ ಸಾಕು. ನನ್ನ ಅವ್ವನಿಗೆ ಎರಡೂ ಬರುವುದಿಲ್ಲ.

ಕೊಳವೆ ಸಣ್ಣದು, ಬರೆಯಲು ಜಾಗವೆಲ್ಲಿದೆ ಅಂತ ಕಂಪನಿಯವರು ಕೇಳಬಹುದು. ಕೊಳವೆ ಅಂಟಿಸಿ ಬರುವ ರಟ್ಟಿನ ಮೇಲೆ ಚಿತ್ರ ಹಾಕಲು ಜಾಗ ಇದೆಯಲ್ಲ? ಅಲ್ಲಿಯೇ ಮೂರು ಸಾಲು ಕನ್ನಡ ಸಾಕು: ತಯಾರಾದ ತಿಂಗಳು, ತಂಪಾದ ಒಣ ಜಾಗದಲ್ಲಿ ಇಡಿ, ಕಣ್ಣಿಗೆ ಅಪಾಯ.

ನಮ್ಮ ಪಾಲಿನದು ನಾವು ಮಾಡೋಣ. 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ರೈತರೇ ರೊಕ್ಕ ಕೂಡಿಸಿ, ಮೈಮುರಿದು ದುಡಿದು ಕೃಷ್ಣೆಗೆ ಬ್ಯಾರೇಜ್ ಕಟ್ಟಿದ ಸೀಮೆ ನಮ್ಮದು. ಒಂದು ಕೊಳವೆಯನ್ನು ನಾಲ್ಕು ಮನೆ ಕೂಡಿ ಒಂದೇ ದಿನ ಮುಗಿಸುವುದು ನಮಗೆ ದೊಡ್ಡ ಕೆಲಸವಲ್ಲ. ಬರುವ ಅಮಾವಾಸ್ಯೆಗೆ ನಿಮ್ಮ ಪಡಸಾಲೆಯಲ್ಲೂ ಒಂದು ಬುಟ್ಟಿ ಇಡ್ರಿ. ಅದಕ್ಕೂ ಮೊದಲು, ಇವತ್ತೇ, ಔಷಧ ಇಡುವ ಮಾಡದಲ್ಲಿ ಅಂಟಿನ ಕೊಳವೆ ಐತೇನು ಅಂತ ಒಮ್ಮೆ ಕೈಯಾಡಿಸಿ ನೋಡ್ರಿ.